ಇಲ್ಲ ಅಂತಾದರೂ ಹೇಳಿ ಸರ್

ಕಳೆದ ತಿಂಗಳು ಒಂದು ರಾತ್ರಿ 11 ಗಂಟೆ ಹೊತ್ತಿಗೆ ಒಂದು ಮೇಲ್ ಬಂತು. ಒಂದೇ ವಿಷಯಕ್ಕೆ ಬಂದ ಮೂರನೇ ಮೇಲ್ ಅದು. ಮೊದಲ ಎರಡನ್ನು ತೆರೆದು ನೋಡಿ ಹಾಗೇ ಬಿಟ್ಟಿದ್ದೆ. ನಾನು ಬರೆಯುವುದು ಹೆಡ್‌ಫೋನ್, ಸ್ಪೀಕರ್, ರೆಕಾರ್ಡಿಂಗ್ ಇಂಥವುಗಳ ಬಗ್ಗೆ. ಬಂದಿದ್ದು ಮಕ್ಕಳ ಹಾಲಿನ ಬಾಟಲಿ ಶುಚಿ ಮಾಡುವ ಯಂತ್ರದ ಪ್ರೆಸ್ ರಿಲೀಸ್. ನನ್ನ ಬ್ಲಾಗನ್ನು ಒಂದು ಸಲ ತೆರೆದು ನೋಡಿದ್ದರೂ ಇದನ್ನು ಕಳಿಸುತ್ತಿರಲಿಲ್ಲ ಅಂದುಕೊಂಡಿದ್ದೆ. ಆದರೆ ಮೂರನೇ ಮೇಲ್‌ನಲ್ಲಿ ಪ್ರೆಸ್ ರಿಲೀಸ್ ಇರಲಿಲ್ಲ, ಫೋಟೋ ಇರಲಿಲ್ಲ. ಎರಡೇ ಸಾಲು. "ಸರ್, ಬರೆಯದಿದ್ದರೂ ಪರವಾಗಿಲ್ಲ. ಇಲ್ಲ ಅಂತಾದರೂ ಹೇಳಿ, ನನ್ನ ಶೀಟ್‌ನಲ್ಲಿ ನಿಮ್ಮ ಹೆಸರಿನ ಎದುರು ಏನಾದರೂ ತುಂಬಬೇಕು."

ಆ ಸಾಲು ಮನಸ್ಸಿಗೆ ಅಂಟಿಕೊಂಡಿತು. ಹನ್ನೊಂದು ವರ್ಷದಿಂದ ಬ್ಲಾಗ್ ಬರೆಯುತ್ತಿದ್ದೇನೆ. ಪಿಆರ್‌ನವರ, ಅಂದರೆ ಕಂಪನಿಗಳ ಪರವಾಗಿ ನಮ್ಮಂಥವರಿಗೆ ಸುದ್ದಿ ಕಳಿಸುವ ಪಬ್ಲಿಕ್ ರಿಲೇಷನ್ಸ್‌ನವರ, ಮೇಲ್ ಬಂದಾಗ ಉತ್ತರ ಕೊಡದೇ ಇರುವುದೇ ಒಂದು ಉತ್ತರ ಅಂತ ನಂಬಿಕೊಂಡು ಬಂದವನು ನಾನು. ನನ್ನ ಹಾಗೆ ಬರೆಯುವ ಬಹುತೇಕರು ಹೀಗೇ ಮಾಡುತ್ತಾರೆ. ಕೆಲಸವಿಲ್ಲದ ಮೇಲ್‌ಗೆಲ್ಲ ಉತ್ತರ ಬರೆಯುತ್ತಾ ಕೂತರೆ ಬ್ಲಾಗ್ ಬರೆಯುವುದು ಯಾವಾಗ, ಅಲ್ವಾ? ಆದರೆ ರಾತ್ರಿ 11ಕ್ಕೆ ಒಬ್ಬರು ಕೂತು, "ಇಲ್ಲ" ಅನ್ನುವ ಒಂದು ಪದಕ್ಕಾಗಿ ಕೇಳಿಕೊಂಡಿದ್ದಾರೆ. ನಮ್ಮಿಬ್ಬರ ನಡುವಿನ ಕೆಲಸದಲ್ಲಿ ಎಲ್ಲೋ ಏನೋ ತಪ್ಪಿದೆ ಅನ್ನಿಸಿತು. ಅದರಲ್ಲಿ ಅರ್ಧ ತಪ್ಪು ನನ್ನದು ಅಂತಲೂ ಅನ್ನಿಸಿತು.

ಆ ಶೀಟ್

ಶೀಟ್ ಅಂದರೆ ಏನು ಅಂತ ನನಗೆ ಗೊತ್ತಿತ್ತು, ಯಾಕೆಂದರೆ ಅಂಥದ್ದೊಂದನ್ನು ಕಣ್ಣಾರೆ ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಬ್ಬರು ಪಿಆರ್ ಗೆಳತಿಯ ಆಫೀಸಿನಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಅವರ ಬಗ್ಗೆ ಮುಂದೆ ಇನ್ನೂ ಹೇಳುವುದಿದೆ. ಅವರ ಪರದೆಯ ಮೇಲೆ ಒಂದು ಉದ್ದನೆಯ ಪಟ್ಟಿ. 180 ಹೆಸರು. ಪ್ರತಿ ಹೆಸರಿನ ಎದುರು ಮೇಲ್ ಕಳಿಸಿದ ದಿನ, ಮೊದಲ ಫಾಲೋ ಅಪ್, ಎರಡನೇ ಫಾಲೋ ಅಪ್, ಕೊನೆಯಲ್ಲಿ ಫಲಿತಾಂಶ. ಫಲಿತಾಂಶದ ಜಾಗ ಹೆಚ್ಚಿನವರ ಎದುರು ಖಾಲಿ. ಪ್ರತಿ ಶುಕ್ರವಾರ ಆ ಪಟ್ಟಿ ಕ್ಲೈಂಟ್‌ಗೆ, ಅಂದರೆ ದುಡ್ಡು ಕೊಟ್ಟು ಈ ಕೆಲಸ ಮಾಡಿಸುವ ಕಂಪನಿಗೆ, ಹೋಗಬೇಕು. ಖಾಲಿ ಜಾಗಕ್ಕೆ ಕ್ಲೈಂಟ್ ಒಪ್ಪುವುದಿಲ್ಲ. "ಇವರು ಆಸಕ್ತಿ ಇಲ್ಲ ಅಂದಿದ್ದಾರೆ" ಅಂತ ಬರೆದರೆ ಅಲ್ಲಿಗೆ ಮುಗಿಯಿತು. ಖಾಲಿ ಇದ್ದರೆ ಮಾತ್ರ "ಇನ್ನೊಂದು ಸಲ ಕೇಳಿ ನೋಡಿ" ಅನ್ನುವ ಮಾತು ಬರುತ್ತದೆ. ನಾವು ಪೀಡೆ ಅಂತ ಬೈದುಕೊಳ್ಳುವ ಮೂರನೇ, ನಾಲ್ಕನೇ ಮೇಲ್ ಹುಟ್ಟುವುದು ಇಲ್ಲಿಂದ.

ಆ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇತ್ತು. ಒಂದು ಬರಹ ಎಷ್ಟು ಜಾಗದಲ್ಲಿ ಬಂತು, ಅಷ್ಟೇ ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಎಷ್ಟು ದುಡ್ಡು ಆಗುತ್ತಿತ್ತು, ಅದೇ ಆ ಬರಹದ ಬೆಲೆ. ಪತ್ರಿಕೆಗಳ ಕಾಲದಲ್ಲಿ ಸ್ಕೇಲ್ ಹಿಡಿದು ಕಾಲಂ ಅಳೆದು ಹಾಕುತ್ತಿದ್ದ ಲೆಕ್ಕ ಇದು. ಒಳ್ಳೆಯದು ಬರೆದರೂ ಕೆಟ್ಟದ್ದು ಬರೆದರೂ ಸೆಂಟಿಮೀಟರ್ ಅದೇ. ಓದಿದವರು ಏನು ಅಂದುಕೊಂಡರು ಅನ್ನುವುದಕ್ಕೆ ಇದರಲ್ಲಿ ಜಾಗವೇ ಇಲ್ಲ. 2010ರಲ್ಲಿ ಬಾರ್ಸಿಲೋನಾದಲ್ಲಿ ಆ ಕ್ಷೇತ್ರದವರೇ ಸೇರಿ ಒಂದಷ್ಟು ತತ್ವಗಳನ್ನು ಒಪ್ಪಿಕೊಂಡರು. ಈ ಜಾಹೀರಾತು ಲೆಕ್ಕ ಪಿಆರ್ ಕೆಲಸದ ಬೆಲೆಯನ್ನು ಹೇಳುವುದಿಲ್ಲ ಅಂತ ಅವುಗಳಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಆದರೂ ಆ ಮಧ್ಯಾಹ್ನ ನಾನು ನೋಡಿದ ಪಟ್ಟಿಯಲ್ಲಿ ಅದೇ ಲೆಕ್ಕ ಇತ್ತು. ಕೇಳಿದೆ. "ನಮಗೂ ಗೊತ್ತು ಸರ್, ಕ್ಲೈಂಟ್‌ಗೆ ಸಂಖ್ಯೆ ಬೇಕು" ಅಂದರು.

ಅವತ್ತಿನಿಂದ ನನಗೆ ಅವರ ಮೇಲ್‌ಗಳನ್ನು ಓದುವ ರೀತಿ ಸ್ವಲ್ಪ ಬದಲಾಯಿತು. ಬ್ಲಾಗರ್ ಒಬ್ಬನಿಗೆ ಓದುಗರು ಎದುರಿಗಿರುತ್ತಾರೆ, ಅಷ್ಟೇ. ಪಿಆರ್‌ನವರಿಗೆ ಎದುರಿಗೆ ನಾವು, ಬೆನ್ನ ಹಿಂದೆ ಕ್ಲೈಂಟ್. ನಾವು ಬರೆದ ಒಂದೊಂದು ಮಾತನ್ನೂ ಅವರು ಹಿಂದೆ ತಿರುಗಿ ವಿವರಿಸಬೇಕು. ಇದನ್ನು ತಿಳಿದುಕೊಳ್ಳಲು ನನಗೆ ಐದಾರು ವರ್ಷ ಬೇಕಾಯಿತು.

"ಬಳಸಬೇಡಿ" ಎಂದ ಮನುಷ್ಯ

ಪಿಆರ್ ಅಂದರೆ ಸುಳ್ಳಿಗೆ ಬಣ್ಣ ಹಚ್ಚುವ ಕೆಲಸ ಅಂತ ಮಾತಾಡುವವರು ನಮ್ಮಲ್ಲಿ ಜಾಸ್ತಿ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಐವಿ ಲೀ ಅನ್ನುವವರ ಹೆಸರು ಇಲ್ಲಿ ನೆನಪಾಗುತ್ತದೆ. ಅಮೆರಿಕದವರು, ಮೊದಲು ಪತ್ರಿಕಾ ವರದಿಗಾರರಾಗಿದ್ದವರು. 1906ರಲ್ಲಿ ಕಲ್ಲಿದ್ದಲು ಗಣಿ ಮಾಲೀಕರ ಪರವಾಗಿ ಕೆಲಸ ಮಾಡುವಾಗ ಸಂಪಾದಕರಿಗೆ ಒಂದು ಚಿಕ್ಕ ಪ್ರಕಟಣೆ ಕಳಿಸಿದರು. ನಮ್ಮದು ಗುಟ್ಟಿನ ಕೆಲಸ ಅಲ್ಲ, ಎಲ್ಲವನ್ನೂ ಬಹಿರಂಗವಾಗಿ ಮಾಡುತ್ತೇವೆ, ಏನಾದರೂ ವಿವರ ಬೇಕಿದ್ದರೆ ಕೂಡಲೇ ಕೊಡುತ್ತೇವೆ ಅನ್ನುವುದು ಅದರ ಸಾರ. ಅದರಲ್ಲಿ ಇನ್ನೊಂದು ಮಾತೂ ಇತ್ತು. ನಾವು ಕಳಿಸಿದ್ದು ನಿಮ್ಮ ಜಾಹೀರಾತು ವಿಭಾಗಕ್ಕೆ ಹೋಗಬೇಕಾದದ್ದು ಅಂತ ನಿಮಗೆ ಅನ್ನಿಸಿದರೆ ಅದನ್ನು ಬಳಸಬೇಡಿ ಅಂತ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಸಿಟಿಯ ಹತ್ತಿರ ರೈಲು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಲೀ ಆಗ ಆ ರೈಲ್ವೆ ಕಂಪನಿಗೆ ಕೆಲಸ ಮಾಡುತ್ತಿದ್ದರು. ವಿಷಯ ಮುಚ್ಚಿಡದೆ ವರದಿಗಾರರಿಗೆ ಹೇಳಿಕೆ ಬರೆದು ಕೊಟ್ಟರು. ಅದನ್ನೇ ಮೊದಲ ಪ್ರೆಸ್ ರಿಲೀಸ್ ಅಂತ ಹೇಳುವ ರೂಢಿ ಇದೆ.

ಲೀ ಮುಂದೆ ಮಾಡಿದ ಎಲ್ಲ ಕೆಲಸವನ್ನೂ ನಾನು ಒಪ್ಪುವುದಿಲ್ಲ. ಆದರೆ "ಬಳಸಬೇಡಿ" ಅನ್ನುವ ಆ ಒಂದು ಮಾತಿನ ಬೆಲೆ ದೊಡ್ಡದು. ಕಳಿಸುವವನೇ ಮುಂದೆ ಬಂದು, ಬೇಡ ಅನ್ನುವ ಹಕ್ಕು ನಿಮಗಿದೆ ಅಂತ ಬರೆದು ಕೊಟ್ಟ. ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ನಾವು ಆ ಹಕ್ಕನ್ನು ಬಾಯಿಬಿಟ್ಟು ಬಳಸುವುದಿಲ್ಲ, ಸುಮ್ಮನಿದ್ದುಬಿಡುತ್ತೇವೆ. ಪಿಆರ್‌ನವರೂ ಆ ಹಕ್ಕು ನಮಗಿದೆ ಅನ್ನುವುದನ್ನು ಮರೆತು ಮತ್ತೆ ಮತ್ತೆ ಕೇಳುತ್ತಾರೆ.

ಒಂದು ಬ್ಯಾಟರಿ, ಒಂದು ಫೋನ್ ಕರೆ

ಈಗ ಆ ಗೆಳತಿಯ ವಿಷಯ. ಮೊದಲು ಅವರು ಗೆಳತಿಯಾಗಿರಲಿಲ್ಲ. ಒಂದು ಹೆಡ್‌ಫೋನನ್ನು ನಾಲ್ಕು ವಾರದ ಮಟ್ಟಿಗೆ ಕಳಿಸಿಕೊಟ್ಟಿದ್ದ ಪಿಆರ್ ಸಂಸ್ಥೆಯವರು, ಅಷ್ಟೇ. ನೋಡಿ ವಾಪಸ್ ಕಳಿಸಬೇಕು ಅನ್ನುವುದು ಒಪ್ಪಂದ. ಡಬ್ಬಿಯ ಮೇಲೆ 30 ಗಂಟೆ ಬ್ಯಾಟರಿ ಅಂತ ಇತ್ತು. ನನಗೆ ಸಿಕ್ಕಿದ್ದು 19. ಕಿವಿಯ ಮೇಲೆ ಒತ್ತುವ ಮೆತ್ತೆ ಒಂದು ಗಂಟೆಯಲ್ಲೇ ಬಿಸಿಯಾಗುತ್ತಿತ್ತು. ಕನ್ನಡಕ ಹಾಕುವವರಿಗಂತೂ ನೋವು. ಇದನ್ನೆಲ್ಲ ಬರೆದೆ. ಕೊನೆಯಲ್ಲಿ, ಈ ದುಡ್ಡಿಗೆ ಇದನ್ನು ಕೊಳ್ಳಬೇಡಿ ಅಂತಲೂ ಬರೆದೆ. ಬೆಳಿಗ್ಗೆ ಬರಹ ಹಾಕಿದೆ. ಮಧ್ಯಾಹ್ನ ಫೋನ್ ಬಂತು.

ಜಗಳಕ್ಕೆ ಸಿದ್ಧನಾಗಿಯೇ ಫೋನ್ ಎತ್ತಿದೆ. ಬರಹ ತೆಗೆಯಿರಿ ಅಂತ ಕೇಳುತ್ತಾರೆ, ಇಲ್ಲ ಮುಂದೆ ಏನೂ ಕಳಿಸುವುದಿಲ್ಲ ಅಂತ ಹೆದರಿಸುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ. "ಸರ್, ಬ್ಯಾಟರಿ ನೋಡುವಾಗ ನಾಯ್ಸ್ ಕ್ಯಾನ್ಸಲಿಂಗ್ ಹಾಕಿದ್ರಾ?" ಹೊರಗಿನ ಸದ್ದನ್ನು ತಗ್ಗಿಸುವ ಸೌಲಭ್ಯ ಅದು. ಹಾಕಿದ್ದೆ. "ವಾಲ್ಯೂಮ್ ಎಷ್ಟಿತ್ತು?" ಮುಕ್ಕಾಲಿಗಿಂತ ಜಾಸ್ತಿ. "30 ಗಂಟೆ ಅಂತ ಹೇಳಿರೋದು ಅದನ್ನ ಆಫ್ ಮಾಡಿ, ಅರ್ಧ ವಾಲ್ಯೂಮ್‌ನಲ್ಲಿ. ಡಬ್ಬಿಯ ಹಿಂದೆ ಚಿಕ್ಕದಾಗಿ ಬರೆದಿದೆ." ಡಬ್ಬಿ ತಂದು ನೋಡಿದೆ. ಬರೆದಿತ್ತು. ಅಕ್ಷರ ಎಷ್ಟು ಚಿಕ್ಕದಿದ್ದರೂ ನಾನು ಓದಬೇಕಿತ್ತು. ನಾನು ಹೇಗೆ ಅಳೆದೆ ಅನ್ನುವುದನ್ನು ಓದುಗರಿಗೆ ಹೇಳದೆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟಿದ್ದೆ. ಕಂಪನಿ ಸುಳ್ಳು ಹೇಳಿದೆ ಅನ್ನುವ ಹಾಗೆ ಅದು ಕೇಳಿಸುತ್ತಿತ್ತು.

ನಾನು ಕೇಳಿದೆ, "ಮೆತ್ತೆ ಬಗ್ಗೆ ಬರೆದದ್ದು?" ಅವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಅಂದರು: "ಅದು ನಿಮ್ಮ ಅನುಭವ ಸರ್. ಅದರ ಬಗ್ಗೆ ನಾನು ಏನೂ ಕೇಳಲ್ಲ. ಕೊಳ್ಳಬೇಡಿ ಅಂದಿದ್ದೀರಿ, ಅದನ್ನೂ ಬದಲಾಯಿಸಿ ಅನ್ನಲ್ಲ. ಬ್ಯಾಟರಿದು ಮಾತ್ರ ಸರಿಮಾಡಿ."

ಸರಿಮಾಡಿದೆ. ಹಳೆಯ ಸಾಲನ್ನು ಸದ್ದಿಲ್ಲದೆ ಅಳಿಸಲಿಲ್ಲ. ಬರಹದ ತುದಿಯಲ್ಲಿ ದಿನಾಂಕ ಹಾಕಿ, ಏನು ತಪ್ಪಾಗಿತ್ತು, ಈಗ ಏನು ಬದಲಾಗಿದೆ ಅಂತ ಬರೆದೆ. ಮತ್ತೆ ನಾಯ್ಸ್ ಕ್ಯಾನ್ಸಲಿಂಗ್ ಆಫ್ ಮಾಡಿ, ಅರ್ಧ ವಾಲ್ಯೂಮ್‌ನಲ್ಲಿ ಅಳೆದೆ. 28 ಗಂಟೆ ಬಂತು. ಅದನ್ನೂ ಸೇರಿಸಿದೆ. ಕೊಳ್ಳಬೇಡಿ ಅನ್ನುವ ಮಾತು ಹಾಗೇ ಉಳಿಯಿತು. ಆರು ತಿಂಗಳ ಮೇಲೆ ಅದರ ಮುಂದಿನ ಮಾಡೆಲ್ ಬಂತು. ಅದನ್ನೂ ನನಗೆ ಕಳಿಸಿದರು. ಕೊಳ್ಳಬೇಡಿ ಅಂದವನಿಗೆ ಮತ್ತೆ ಯಾಕೆ ಕಳಿಸಿದ್ರಿ ಅಂತ ಕೇಳಿದಾಗ, "ನೀವು ಚೆನ್ನಾಗಿದೆ ಅಂದರೆ ಜನ ನಂಬುತ್ತಾರೆ, ಅದಕ್ಕೆ" ಅಂದರು.

ಆ ಫೋನ್ ಕರೆಯನ್ನು ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ತಪ್ಪಾದ ವಿವರ ಒಂದು ಕಡೆ, ನನ್ನ ಅಭಿಪ್ರಾಯ ಇನ್ನೊಂದು ಕಡೆ. ಇವೆರಡರ ನಡುವಿನ ಗೆರೆ ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ವಿವರ ತಪ್ಪಿದ್ದರೆ ಕೇಳುವುದು ಅವರ ಕೆಲಸ, ತಿದ್ದುವುದು ನನ್ನ ಕೆಲಸ. ಅಭಿಪ್ರಾಯದ ವಿಷಯಕ್ಕೆ ಬಂದರೆ ಅವರು ಬಾಗಿಲ ಹೊರಗೇ ನಿಂತರು. ಪ್ರಕಟಿಸುವ ಮೊದಲು ಒಂದು ಸಲ ತೋರಿಸಿ ಅಂತ ಕೇಳುವವರು ಈಗಲೂ ಇದ್ದಾರೆ. ಅವರಿಗೆ ನಾನು ತೋರಿಸುವುದಿಲ್ಲ. ಆದರೆ ಮಾಡೆಲ್ ಹೆಸರು, ತೂಕ, ಬೆಲೆ ಇಂಥ ವಿವರ ಸರಿಯಿದೆಯಾ ಅಂತ ನಾನೇ ಕೇಳಿ ಮೇಲ್ ಬರೆಯುತ್ತೇನೆ. ಹೀಗೆ ಕೇಳಿದಾಗ ಪೂರ್ತಿ ಬರಹ ತೋರಿಸಿ ಅಂತ ಹಟ ಹಿಡಿದವರು ತುಂಬಾ ಕಡಿಮೆ.

ನಾನು ಕೆಡಿಸಿದ ಬೆಳಗು

ಇನ್ನೊಂದು ಸಂಗತಿ ಹೇಳಲೇಬೇಕು. ಅದರಲ್ಲಿ ತಪ್ಪು ನನ್ನದು. ಅದೇ ಗೆಳತಿ ಒಂದು ಹೊಸ ಸ್ಪೀಕರ್ ಬಗ್ಗೆ ವಾರದ ಮೊದಲೇ ಎಲ್ಲ ವಿವರ ಕಳಿಸಿದ್ದರು. ಇಂಥ ದಿನ, ಇಂಥ ಹೊತ್ತಿನವರೆಗೆ ಪ್ರಕಟಿಸಬಾರದು ಅನ್ನುವ ಷರತ್ತು ಇತ್ತು. ಎಂಬಾರ್ಗೋ ಅನ್ನುತ್ತಾರಲ್ಲ, ಅದು. ನಾನು ಒಪ್ಪಿ ಉತ್ತರ ಬರೆದಿದ್ದೆ. ಹೊತ್ತು ಬೇರೆ ದೇಶದ ಗಡಿಯಾರದ ಪ್ರಕಾರ ಕೊಟ್ಟಿದ್ದರು. ಲೆಕ್ಕ ಹಾಕುವಾಗ ಕೂಡಿಸಬೇಕಾದಲ್ಲಿ ಕಳೆದೆ. ಎಲ್ಲರಿಗಿಂತ ಹಲವು ಗಂಟೆ ಮೊದಲೇ ನನ್ನ ಬರಹ ಬಂದುಬಿಟ್ಟಿತು.

ಅವರ ಫೋನ್ ಬಂದಾಗ ನಾನು ನಿದ್ದೆಯಲ್ಲಿದ್ದೆ. ಎದ್ದು ನೋಡಿದರೆ ಏಳು ಮಿಸ್ಡ್ ಕಾಲ್. ಬರಹ ಕೂಡಲೇ ತೆಗೆದೆ. ಆದರೆ ಅಷ್ಟರಲ್ಲಿ ಎರಡು ಕಡೆ ಅದನ್ನು ನೋಡಿ ಸುದ್ದಿ ಮಾಡಿಯಾಗಿತ್ತು. ಮಾತು ಉಳಿಸಿಕೊಂಡು ಕಾಯುತ್ತಿದ್ದ ಉಳಿದ ಬರಹಗಾರರೆಲ್ಲ ಅವರಿಗೆ ಫೋನ್ ಮಾಡಿ ಬೈದಿದ್ದರು. ಕ್ಲೈಂಟ್ ಮುಂದೆ ಅವರು ನಿಲ್ಲಬೇಕಾಯಿತು. ನಾನು ಏನು ಮಾಡಿದೆ? ಎರಡು ದಿನ ಸುಮ್ಮನಿದ್ದೆ. ನಾಚಿಕೆಯಾಗಿತ್ತು, ಏನು ಬರೆಯಬೇಕು ಅಂತ ತೋಚಲಿಲ್ಲ. ತಪ್ಪಿಗಿಂತ ಆ ಎರಡು ದಿನದ ಮೌನವೇ ಅವರಿಗೆ ಜಾಸ್ತಿ ನೋವು ಕೊಟ್ಟಿತ್ತು ಅಂತ ಆಮೇಲೆ ಗೊತ್ತಾಯಿತು. "ಲೆಕ್ಕ ತಪ್ಪಿತು ಅಂತ ಅವತ್ತೇ ಒಂದು ಸಾಲು ಬರೆದಿದ್ದರೆ ಅದನ್ನೇ ಕ್ಲೈಂಟ್‌ಗೆ ತೋರಿಸುತ್ತಿದ್ದೆ. ಬೇಕು ಅಂತ ಮಾಡಿದ್ದಲ್ಲ ಅಂತ ನನಗೆ ಗೊತ್ತಿತ್ತು ಸರ್, ಆದರೆ ಅದನ್ನ ತೋರಿಸೋಕೆ ನನ್ನ ಹತ್ತಿರ ಏನೂ ಇರಲಿಲ್ಲ." ಇದನ್ನು ಅವರು ಹೇಳಿದ್ದು ಒಂದು ವರ್ಷ ಕಳೆದ ಮೇಲೆ, ಆ ಶೀಟ್ ತೋರಿಸಿದ ಮಧ್ಯಾಹ್ನ.

ಅವತ್ತಿನಿಂದ ಎಂಬಾರ್ಗೋ ಇರುವ ಯಾವುದೇ ಮೇಲ್ ಬಂದರೂ, ನನ್ನ ಗಡಿಯಾರದ ಪ್ರಕಾರ ಇಷ್ಟು ಹೊತ್ತಿಗೆ, ಸರಿಯಾ ಅಂತ ಬರೆದು ಖಚಿತ ಮಾಡಿಕೊಳ್ಳುತ್ತೇನೆ. ಇನ್ನೊಂದು ಮಾತು: ಕೇಳದೇ ಎಂಬಾರ್ಗೋ ಹಾಕಿ ಕಳಿಸಿದರೆ ಅದಕ್ಕೆ ನಾವು ಬದ್ಧರಲ್ಲ. ಮೊದಲು ಕೇಳಬೇಕು, ನಾವು ಹೂಂ ಅನ್ನಬೇಕು, ಆಮೇಲೆ ವಿವರ ಬರಬೇಕು. ಒಪ್ಪಿದ ಮೇಲೆ ಮಾತ್ರ ಅದು ಮಾತು.

ದುಡ್ಡಿನ ವಿಷಯ

ಇದನ್ನು ಬಿಟ್ಟು ಈ ಸಂಬಂಧದ ಬಗ್ಗೆ ಮಾತಾಡಲು ಆಗುವುದಿಲ್ಲ. ಇಲ್ಲಿ ಮುಚ್ಚಿಟ್ಟದ್ದು ಯಾವತ್ತೂ ಹೊರಗೆ ಬಂದಿದೆ. 2006ರಲ್ಲಿ ಅಮೆರಿಕದಲ್ಲಿ ಇಬ್ಬರು ವಾಹನದಲ್ಲಿ ಊರೂರು ಸುತ್ತುತ್ತಾ, ರಾತ್ರಿ ವಾಲ್‌ಮಾರ್ಟ್ ಅಂಗಡಿಗಳ ಪಾರ್ಕಿಂಗ್‌ನಲ್ಲಿ ತಂಗುತ್ತಾ, ಅಲ್ಲಿನ ಕೆಲಸಗಾರರ ಬಗ್ಗೆ ಒಳ್ಳೆಯ ಮಾತು ಬ್ಲಾಗ್‌ನಲ್ಲಿ ಬರೆದರು. ಆ ಪ್ರಯಾಣದ ಖರ್ಚು ವಾಲ್‌ಮಾರ್ಟ್ ಪರವಾಗಿ ಹುಟ್ಟಿಸಿದ ಒಂದು ಸಂಘಟನೆಯದು, ಅದರ ಹಿಂದೆ ಎಡೆಲ್‌ಮನ್ ಎಂಬ ಪಿಆರ್ ಸಂಸ್ಥೆ ಇತ್ತು ಅನ್ನುವುದು ಬಯಲಾಯಿತು. ಸಂಸ್ಥೆಯ ಮುಖ್ಯಸ್ಥರು ಬಹಿರಂಗವಾಗಿ ತಪ್ಪೊಪ್ಪಿಕೊಂಡರು. ಅದೇ ವರ್ಷ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಮತ್ತು ಚಿಪ್ ಕಂಪನಿ ಎಎಂಡಿ ಸೇರಿ, ವಿಂಡೋಸ್ ವಿಸ್ಟಾ ಹಾಕಿದ ದುಬಾರಿ ಏಸರ್ ಫೆರಾರಿ ಲ್ಯಾಪ್‌ಟಾಪ್‌ಗಳನ್ನು ಕೆಲವು ಬ್ಲಾಗರ್‌ಗಳಿಗೆ ಕಳಿಸಿದವು. ನೀವೇ ಇಟ್ಟುಕೊಳ್ಳಬಹುದು ಅಂತ ಮೊದಲು ಹೇಳಿದ್ದರು. ಗಲಾಟೆ ಆದ ಮೇಲೆ, ನೋಡಿ ಮುಗಿದ ಮೇಲೆ ಯಾರಿಗಾದರೂ ಕೊಟ್ಟುಬಿಡಿ ಅಥವಾ ವಾಪಸ್ ಕಳಿಸಿ ಅಂದರು. ಲ್ಯಾಪ್‌ಟಾಪ್ ಸಿಕ್ಕಿದ್ದನ್ನು ಮೊದಲೇ ಹೇಳಿಕೊಂಡವರೂ ಟೀಕೆಗೆ ಸಿಕ್ಕಿದರು. ನನಗೆ ಅವರ ಬಗ್ಗೆ ಕನಿಕರ ಇದೆ, ಯಾಕೆಂದರೆ ಆಗ ಯಾವ ನಿಯಮವೂ ಸ್ಪಷ್ಟವಾಗಿರಲಿಲ್ಲ.

ಈಗ ಇದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರ ಡಿಸೆಂಬರ್ 1ರಿಂದ ಜಾರಿಗೆ ಬಂದ ತನ್ನ ಮಾರ್ಗಸೂಚಿಯಲ್ಲಿ ಬ್ಲಾಗರ್‌ಗಳನ್ನೂ ಸೇರಿಸಿತು. ದುಡ್ಡಾಗಲಿ, ಉಚಿತ ವಸ್ತುವಾಗಲಿ, ಕಂಪನಿಯಿಂದ ಪಡೆದಿದ್ದರೆ ಓದುಗರಿಗೆ ಹೇಳಬೇಕು. ಭಾರತದಲ್ಲೂ 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದೇ ಅರ್ಥದ ನಿಯಮ ತಂದಿತು. ಸರ್ಚ್ ಎಂಜಿನ್‌ಗಳ ಕಡೆಯಿಂದಲೂ ಒಂದು ಕಟ್ಟುಪಾಡು ಇದೆ. ದುಡ್ಡು ಕೊಟ್ಟು ಹಾಕಿಸಿದ ಲಿಂಕ್‌ಗೆ ಹಾಗಂತ ಗುರುತು ಹಾಕಬೇಕು. 2005ರಲ್ಲಿ ಬಂದ ನೋಫಾಲೋ, 2019ರಲ್ಲಿ ಗೂಗಲ್ ಸೇರಿಸಿದ ಸ್ಪಾನ್ಸರ್ಡ್ ಅನ್ನುವ ಗುರುತುಗಳನ್ನು ಇದಕ್ಕೆ ಬಳಸುತ್ತಾರೆ. ಆ ಗುರುತು ತೆಗೆದು ಲಿಂಕ್ ಕೊಡಿ, ಬರಹದಲ್ಲಿ ಎಲ್ಲೂ ನಮ್ಮ ಹೆಸರು ಹೇಳಬೇಡಿ ಅಂತ ಕೇಳುವ ಮೇಲ್ ವಾರಕ್ಕೊಂದಾದರೂ ಬರುತ್ತದೆ. ಇಂಥವರ ಜೊತೆ ಕೆಲಸ ಮಾಡಲು ನನಗೆ ಸಾಧ್ಯವಿಲ್ಲ. ಇದು ಪಿಆರ್ ಕೂಡ ಅಲ್ಲ.

ಒಂದು ಮಾತನ್ನು ಬ್ಲಾಗರ್‌ಗಳಿಗೂ ಹೇಳಬೇಕು. ಪಿಆರ್‌ನವರ ಹತ್ತಿರ ಜಾಹೀರಾತಿನ ದುಡ್ಡು ಸಾಮಾನ್ಯವಾಗಿ ಇರುವುದಿಲ್ಲ. ಸುದ್ದಿ ಕಳಿಸಿದವರಿಗೆ, ಬರೆಯಲು ಇಷ್ಟು ದುಡ್ಡು ಅನ್ನುವ ರೇಟ್ ಕಾರ್ಡ್ ಕಳಿಸಿದರೆ ಅವರು ಏನೂ ಮಾಡುವ ಹಾಗಿಲ್ಲ. ದುಡ್ಡು ಕೊಟ್ಟು ಬರೆಸುವುದು ಬೇರೆ ವಿಭಾಗ, ಬೇರೆ ಬಜೆಟ್. ನಮ್ಮ ಸಮಯಕ್ಕೆ ಬೆಲೆ ಇದೆ ಅನ್ನುವುದು ನಿಜ. ಆದರೆ ಆಸಕ್ತಿ ಇದ್ದರೆ ಬರೆಯುತ್ತೇನೆ, ಇಲ್ಲದಿದ್ದರೆ ಇಲ್ಲ, ಜಾಹೀರಾತಾದರೆ ಜಾಹೀರಾತು ಅಂತಲೇ ಹಾಕುತ್ತೇನೆ ಅಂತ ಮೊದಲ ಮೇಲ್‌ನಲ್ಲೇ ಹೇಳಿಬಿಟ್ಟರೆ ಇಬ್ಬರಿಗೂ ಹಗುರ.

ಮತ್ತೆ ಆ ಮೂರನೇ ಮೇಲ್

2007ರಲ್ಲಿ ಅಮೆರಿಕದ ತಂತ್ರಜ್ಞಾನ ಪತ್ರಿಕೆ ವೈರ್ಡ್‌ನ ಸಂಪಾದಕರಾಗಿದ್ದ ಕ್ರಿಸ್ ಆ್ಯಂಡರ್ಸನ್ ಒಂದು ಕೆಲಸ ಮಾಡಿದರು. ತಮಗೆ ಸಂಬಂಧವಿಲ್ಲದ ಪ್ರೆಸ್ ರಿಲೀಸ್ ಕಳಿಸಿದವರ ಮೇಲ್ ವಿಳಾಸಗಳನ್ನೆಲ್ಲ ತಮ್ಮ ಬ್ಲಾಗಿನಲ್ಲಿ ಪಟ್ಟಿ ಮಾಡಿ ಹಾಕಿ, ಇವರನ್ನೆಲ್ಲ ಬ್ಲಾಕ್ ಮಾಡಿದ್ದೇನೆ ಅಂದರು. ಇದನ್ನು ಮೊದಲು ಓದಿದಾಗ ನನಗೆ ತುಂಬಾ ಖುಷಿಯಾಗಿತ್ತು. ಸರಿಯಾಗಿ ಮಾಡಿದರು ಅನ್ನಿಸಿತ್ತು. ಅವರ ಸಿಟ್ಟು ಈಗಲೂ ಅರ್ಥವಾಗುತ್ತದೆ. ಯಾರು ಏನು ಬರೆಯುತ್ತಾರೆ ಅಂತ ನೋಡದೆ ನೂರಾರು ಜನರಿಗೆ ಒಂದೇ ಮೇಲ್ ಕಳಿಸುವುದು ಸೋಮಾರಿತನ. ಆದರೆ ಆ ಪಟ್ಟಿಯಲ್ಲಿ ಇದ್ದದ್ದು ಕಳಿಸಿದವರ ವಿಳಾಸ. ಎಲ್ಲರಿಗೂ ಕಳಿಸು ಅಂತ ಅವರಿಗೆ ಹೇಳಿದವರು ಯಾರು, ಆ ಹೆಸರುಗಳನ್ನು ಅವರಿಗೆ ಕೊಟ್ಟವರು ಯಾರು ಅನ್ನುವುದು ಅಲ್ಲಿ ಬರುವ ಹಾಗಿರಲಿಲ್ಲ. ರಾತ್ರಿ 11ರ ಮೇಲ್ ಓದಿದ ಮೇಲೆ ಆ ಪಟ್ಟಿ ನನಗೆ ಬೇರೆ ಥರ ಕಾಣುತ್ತಿದೆ.

ಮಾರನೆಯ ಬೆಳಿಗ್ಗೆ ಉತ್ತರ ಬರೆದೆ. "ಕ್ಷಮಿಸಿ, ಮೊದಲೇ ಹೇಳಬೇಕಿತ್ತು. ಇಲ್ಲ, ಇದರ ಬಗ್ಗೆ ಬರೆಯುವುದಿಲ್ಲ. ನಾನು ಬರೆಯುವುದು ಹೆಡ್‌ಫೋನ್, ಸ್ಪೀಕರ್ ಬಗ್ಗೆ ಮಾತ್ರ. ಚಿಕ್ಕ ಮಕ್ಕಳ ವಸ್ತುಗಳ ಬಗ್ಗೆ ಬರೆಯುವ ಒಬ್ಬರು ಗೊತ್ತು. ಅವರನ್ನು ಕೇಳಿ, ಒಪ್ಪಿದರೆ ನಿಮ್ಮ ವಿಳಾಸ ಕೊಡುತ್ತೇನೆ." ಬರೆಯಲು ಮೂರು ನಿಮಿಷವೂ ಹಿಡಿಯಲಿಲ್ಲ.

ಹತ್ತು ನಿಮಿಷದಲ್ಲಿ ಉತ್ತರ ಬಂತು. ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತಂತೆ. ಹೆಸರುಗಳ ಪಟ್ಟಿ ಹಿಂದೆ ಇದ್ದವರು ಬಿಟ್ಟುಹೋದದ್ದಂತೆ. 40 ಜನರಿಗೆ ಮೂರನೇ ಮೇಲ್ ಬರೆದಿದ್ದರಂತೆ, ಉತ್ತರ ಕೊಟ್ಟವರಲ್ಲಿ ನಾನು ಎರಡನೆಯವನು. ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು.

"ಲಿಸ್ಟ್‌ನಲ್ಲಿ ನಿಮ್ಮ ಹೆಸರಿನ ಎದುರು 'ತಾಯಿ ಮಗು' ಅಂತ ಇದೆ ಸರ್. ಬದಲಾಯಿಸಲಾ?"

ಬದಲಾಯಿಸಿ ಅಂತ ಬರೆದೆ. ಜೊತೆಗೆ ಇತ್ತೀಚಿನ ಮೂರು ಬರಹಗಳ ಲಿಂಕ್ ಕಳಿಸಿದೆ.